ಬೀಡು: ಪದವೂ ಪದಾರ್ಥವೂ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಲ್ಲಿ ಸವೆದ ಕಬ್ಬಿನ ಗಾಣದ ಉರುಳೆ, ಒಡೆದ ಪಂಪಿನ ಕವಚ ಮೊದಲಾದುವು ಗುಜರಿಗೆ ಸೇರುವುವು. ಇವು ಬಹುಮಟ್ಟಿಗೆ ಬೀಡು, ಎಂದರೆ ಎರಕದ ಕಬ್ಬಿಣ. 'ಎರೆ' ಧಾತುವಿನಿಂದ 'ಎರಕ'ವು ನಿಷ್ಪನ್ನವಾದುದರಿಂದ ಹೆಸರೇ ಕ್ರಮವನ್ನು ಸೂಚಿಸುತ್ತದೆ.

ಬೀಡಿನಲ್ಲಿ ಇಂಗಾಲವು ನೂರಕ್ಕೆ 2ರಿಂದ 4 ಭಾಗವಿರುವುದರಿಂದ ಅದು ಸುಮಾರು 1200 ಡಿಗ್ರಿ ಶಾಖಕ್ಕೇ ಕರಗುವುದು. ಉಕ್ಕಿಗೆ 1400ನ್ನು ಮೀರಿದ ಶಾಖ ಬೇಕು. ಆದುದರಿಂದ ಎರಕದ ಮನೆಗೆ ಹಳೆಯ ಬೀಡು ಇಷ್ಟವಾದುದು. ಉಕ್ಕಿನ ಕುಲುಮೆಯಲ್ಲಾದರೋ ಅದರ ಅಧಿಕ ಇಂಗಾಲವನ್ನು ಸುಟ್ಟು ಕಳೆಯಬೇಕು. ಬೆರಕೆಯಾದರೆ ಇಬ್ಬರಿಗೂ ನಷ್ಟ.

ಬೇರ್ಪಡಿಸುವವನು ಸುತ್ತಿಗೆಯಿಂದ ಹೊಡೆದು ನೋಡುವನು: ಬಗ್ಗಿದರೆ ಮೆದು ಉಕ್ಕು, ಒಡೆದು ಬೂದುಬಣ್ಣದ ಹರಳು ತೋರಿದರೆ ಬೀಡು. ರಸರತ್ನಸಮುಚ್ಚಯವು ಕಬ್ಬಿಣವನ್ನು ಮುಂಡ, ತೀಕ್ಷ್ಣ, ಕಾಂತವೆಂದು ವಿಭಾಗಿಸಿ, ಮುಂಡದೊಳಗೆ ಪೆಟ್ಟಿಗೆ ಒಡೆದು ಕಪ್ಪಾಗಿ ಕಾಣುವುದನ್ನು 'ಕಡಾರ'ವೆಂದಿದೆ. ಪರೀಕ್ಷೆ ಒಂದೇ ಆದ ಮಾತ್ರಕ್ಕೆ ಕಡಾರವೇ ಬೀಡೆಂದು ನಿಘಂಟಿನಲ್ಲಿ ಬರೆಯುವುದು ಸಾಹಸವಾದೀತು. ರಂಜಕವು ಅಧಿಕವಾದ ಕಬ್ಬಿಣವೂ ಪೆಟ್ಟಿಗೆ ಒಡೆಯುವುದು. ಆದರೂ ಶಾಸ್ತ್ರಕಾರನ ಲಕ್ಷಣಕ್ಕೂ ಗುಜರಿಯವನ ವಿವೇಚನೆಗೂ ಸುತ್ತಿಗೆಯೇ ಪ್ರಮಾಣ. ಇಂತಹ ಪದಗಳ ಅರ್ಥವನ್ನು ನಿರ್ಣಯಿಸುವ ಕೋಶಕಾರರು ಗುಜರಿಯ ಅಂಗಳವನ್ನೂ ಒಮ್ಮೆ ನೋಡಿಬರುವುದು ಯುಕ್ತ.