ಎರಡು ನೆಲಗಳ ಮಣ್ಣು

ಟಾಂಗನೀಕಾದ ಮೊದಲ ಅಕ್ಷರಗಳೂ ಜಾಂಜಿಬಾರಿನ ಮೊದಲ ಅಕ್ಷರಗಳೂ ಕೂಡಿ ಟಾಂಜಾನಿಯಾ ಎಂಬ ಹೆಸರಾಯಿತು. 1964ರ ಜನವರಿಯಲ್ಲಿ ಈ ಹೆಸರಿನ ರಾಷ್ಟ್ರ ಭೂಪಟದಲ್ಲಿರಲಿಲ್ಲ. ಅಕ್ಟೋಬರ್ 29ರ ಹೊತ್ತಿಗೆ ಇತ್ತು. ಆ ನಡುವಣ ತಿಂಗಳುಗಳ ಕಥೆ ವಿಚಾರಾರ್ಹವಾದುದು.

ಲವಂಗದ ತೋಟಗಳಿಗೆ ಹೆಸರಾದ ಜಾಂಜಿಬಾರ್ ದ್ವೀಪವು 1963ರ ಡಿಸೆಂಬರ್ 10ರಂದು ಸ್ವತಂತ್ರವಾಯಿತು. ಸಿಂಹಾಸನದಲ್ಲಿದ್ದವನು ಅರಬ್ ಮನೆತನದ ಸುಲ್ತಾನ ಜಮ್‌ಶೀದ್. ಅದೇ ವರ್ಷದ ಜುಲೈ ಚುನಾವಣೆಯಲ್ಲಿ ಆಫ್ರೋ-ಶಿರಾಜಿ ಪಕ್ಷವು ಅರ್ಧಕ್ಕೂ ಹೆಚ್ಚು ಮತಗಳನ್ನು ಪಡೆದಿತ್ತು. ಆದರೆ 31 ಸ್ಥಾನಗಳಲ್ಲಿ ಅದಕ್ಕೆ ದೊರೆತವು 13 ಮಾತ್ರ. ಬಹುಜನರ ಮತಕ್ಕೆ ಅಧಿಕಾರ ದೊರೆಯದೆ ಹೋದಾಗ ಅಸಮಾಧಾನವು ಬೇರೆ ದಾರಿ ಹುಡುಕುತ್ತದೆ. ಸ್ವಾತಂತ್ರ್ಯ ಬಂದು 33 ದಿನಗಳಾಗುವಷ್ಟರಲ್ಲಿ, ಜನವರಿ 12ರ ನಸುಕಿನಲ್ಲಿ, ಜಾನ್ ಒಕೆಲೊ ಎಂಬ ಉಗಾಂಡ ಮೂಲದವನ ಮುಂದಾಳುತನದಲ್ಲಿ ದಂಗೆಕೋರರು ಪೊಲೀಸರ ಶಸ್ತ್ರಾಗಾರಗಳನ್ನು ವಶಪಡಿಸಿಕೊಂಡರು. ಸುಲ್ತಾನ ಹಡಗೇರಿ ಪಲಾಯನ ಮಾಡಿದ. ಆಫ್ರೋ-ಶಿರಾಜಿ ಪಕ್ಷದ ನಾಯಕ ಅಬೇದ್ ಕರುಮೆ ಅಧ್ಯಕ್ಷರಾದರು. ಸುಲ್ತಾನನ ಆಳ್ವಿಕೆಯ ತಪ್ಪಿಗೆ ಬೆಲೆ ತೆತ್ತವರು ಮಾತ್ರ ಸಾಮಾನ್ಯರು: ಅರಬರು ಸಾವಿರಾರು ಸಂಖ್ಯೆಯಲ್ಲಿ ಹತರಾದರು, ಅಂಗಡಿ-ಮುಂಗಟ್ಟು ಇಟ್ಟುಕೊಂಡಿದ್ದ ಭಾರತೀಯ ಮೂಲದವರಲ್ಲೂ ಅನೇಕರು ಪ್ರಾಣವನ್ನೋ ನೆಲೆಯನ್ನೋ ಕಳೆದುಕೊಂಡರು.

ಎಂಟು ದಿನಗಳ ತರುವಾಯ ಆಚೆ ದಡದಲ್ಲೂ ಕಿಡಿ ಹಾರಿತು. ದಾರ್-ಎಸ್-ಸಲಾಮಿನ ಸೈನಿಕರು ಸಂಬಳ ಹೆಚ್ಚಬೇಕು, ಬ್ರಿಟಿಷ್ ಅಧಿಕಾರಿಗಳು ತೊಲಗಬೇಕು ಎಂದು ಬಂಡೆದ್ದರು. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕವನ್ನು ಸ್ವಾಹಿಲಿಗೆ ತಂದು 1963ರಲ್ಲಿ ಪ್ರಕಟಿಸಿದ್ದ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಈಗ ತಾವೇ ಒಳಸಂಚಿನ ಭಯದಲ್ಲಿ ಅಡಗಿರಬೇಕಾಯಿತು. ಕೊನೆಗೆ, ಯಾರಿಂದ ಬಿಡುಗಡೆ ಪಡೆದಿದ್ದರೋ ಆ ಬ್ರಿಟಿಷರ ಸೈನ್ಯವನ್ನೇ ಅವರು ಕರೆಯಬೇಕಾಯಿತು. ಜನವರಿ 25ರಂದು ದಂಗೆ ಅಡಗಿತು. ಆ ಅಪಮಾನದ ನೋವು ಅಡಗಲಿಲ್ಲ.

ಈ ಎರಡು ಆಘಾತಗಳಿಂದ ಹುಟ್ಟಿದ್ದು ಏಪ್ರಿಲ್ 26ರ ಒಕ್ಕೂಟ. ಆಫ್ರಿಕದ ಐಕ್ಯವನ್ನು ಕುರಿತ ನ್ಯೆರೆರೆಯವರ ನಂಬಿಕೆ ಅದರಲ್ಲಿತ್ತು. ದ್ವೀಪವು ಮಹಾಶಕ್ತಿಗಳ ಶೀತಲಸಮರದ ಅಖಾಡವಾದೀತೆಂಬ ಅಂಜಿಕೆಯೂ ಇತ್ತು. ಎರಡೂ ನೆಲಗಳ ಮಣ್ಣನ್ನು ನ್ಯೆರೆರೆ ಸಭೆಯೆದುರು ಬೆರೆಸಿದರು. ಆದರೆ ಜನರ ಅಭಿಪ್ರಾಯವನ್ನು ಮತದ ಮೂಲಕ ಯಾರೂ ಕೇಳಲಿಲ್ಲ. ಜಾಂಜಿಬಾರಿಗೆ ಇಂದಿಗೂ ತನ್ನದೇ ಅಧ್ಯಕ್ಷನಿದ್ದಾನೆ, ತನ್ನದೇ ಸರ್ಕಾರವಿದೆ; ಒಕ್ಕೂಟದ ಸ್ವರೂಪವನ್ನು ಕುರಿತ ವಾದವೂ ಇಂದಿಗೂ ಮುಗಿದಿಲ್ಲ.

ಆ ವರ್ಷ ಜಾಂಜಿಬಾರಿನಲ್ಲಿ ಹದಿನೈದರ ಹುಡುಗನೊಬ್ಬನಿದ್ದ. ಕೆಲವು ವರ್ಷಗಳಲ್ಲಿ ಅವನು ಊರು ಬಿಟ್ಟು ಇಂಗ್ಲೆಂಡಿಗೆ ಹೋದ. ಅವನೇ 2021ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಕಾದಂಬರಿಕಾರ ಅಬ್ದುಲ್‌ರಜಾಕ್ ಗುರ್ನಾ. ನೆಲೆ ತಪ್ಪಿದವರ ಬಾಳು ಅವರ ಕೃತಿಗಳಲ್ಲಿ ಮತ್ತೆ ಮತ್ತೆ ಮರಳುತ್ತದೆ. ಮಣ್ಣನ್ನು ಒಂದು ದಿನದಲ್ಲಿ ಬೆರೆಸಬಹುದು. ಆ ಮಣ್ಣಿನಿಂದ ಕಿತ್ತುಬಿದ್ದವರ ಲೆಕ್ಕವನ್ನು ಸಾಹಿತ್ಯವು ಅರ್ಧ ಶತಮಾನದ ಮೇಲೂ ಬರೆಯುತ್ತಲೇ ಇದೆ.