ಹವಳದ ತೊಟ್ಟಿಗೆ ಹೊಸ ನೀರು

ಕಳೆದ ವರುಷ ನಾವು ಅಮೆರಿಕೆಯಲ್ಲಿರುವ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದೆವು. ಅಲ್ಲಿ ಹಜಾರದಲ್ಲಿ 400 ಲೀಟರು ಸಮುದ್ರಜಲವನ್ನು ಹಿಡಿಯುವ ಗಾಜಿನ ತೊಟ್ಟಿಯೊಂದುಂಟು. ಅದರೊಳಗೆ ಜೀವಂತವಾದ ಹವಳಗಳು, ಅವುಗಳ ನಡುವೆ ಸುಳಿದಾಡುವ ಮೀನುಗಳು. ಕಚೇರಿಯ ಕೆಲಸದಿಂದ ಬಿಡುವಿಲ್ಲದೆ ಮಗನು ಮೂರು ತಿಂಗಳು ಅದರ ನೀರನ್ನು ಬದಲಿಸಿರಲಿಲ್ಲ. ಒಂದು ಭಾನುವಾರ ಪಶ್ಚಾತ್ತಾಪಪಟ್ಟು, ಮುಕ್ಕಾಲು ಪಾಲನ್ನು ಒಮ್ಮೆಗೇ ಚೆಲ್ಲಿ ಹೊಸ ಉಪ್ಪುನೀರನ್ನು ತುಂಬಿದನು. ಬುಧವಾರದ ಹೊತ್ತಿಗೆ ಕವಲುಹವಳದ ಮೈಯೆಲ್ಲ ಸುಲಿದು ಬಿಳಿಯ ಅಸ್ಥಿಮಾತ್ರ ಉಳಿದಿತ್ತು.

"ತಾತ, ನೀರು ಚೊಕ್ಕಟವಾಯಿತಲ್ಲ, ಮತ್ತೇಕೆ ಸತ್ತುಹೋಯಿತು?" ಎಂದು ಮೊಮ್ಮಗಳು ಅತ್ತಳು. ಆಯುಷ್ಯವೆಲ್ಲ ಶಬ್ದರೂಪಗಳನ್ನು ಹೇಳಿಕೊಟ್ಟ ನಾವು ಆಗ ಲೆಕ್ಕದ ಹಲಗೆಯನ್ನು ಹಿಡಿಯಬೇಕಾಯಿತು.

ಮೀನಿನ ಮಲವೂ ಮಿಕ್ಕ ಆಹಾರವೂ ಕೊಳೆತು ಅಮೋನಿಯಾ ಆಗುವುದು. ಸೂಕ್ಷ್ಮಾಣುಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುವುವು. ಇದು ಲೀಟರಿಗೆ ವಾರಕ್ಕೆ 2 ಮಿಲಿಗ್ರಾಂನಂತೆ ಕೂಡುವುದೆಂದು ಇಟ್ಟುಕೊಳ್ಳೋಣ. ವಾರವಾರವೂ ಹತ್ತರಲ್ಲೊಂದು ಪಾಲನ್ನು, ಎಂದರೆ 40 ಲೀಟರನ್ನು, ಬದಲಿಸುತ್ತಿದ್ದರೆ ಅದು ಕ್ರಮೇಣ 20ಕ್ಕೆ ಬಂದು ನಿಲ್ಲುವುದು; ಬದಲಿಸಿದಾಗ 18ಕ್ಕೆ ಇಳಿದು ಮರುವಾರ ಮತ್ತೆ 20. ನಾಲ್ಕು ವಾರ ಸುಮ್ಮನಿದ್ದು ಒಮ್ಮೆಗೇ 160 ಲೀಟರನ್ನು ಬದಲಿಸಿದರೂ ಮೇಲಿನ ಮಟ್ಟವು ಅದೇ 20. ಆದರೆ ಒಂದೇ ಗಳಿಗೆಯಲ್ಲಿ ಅದು 12ಕ್ಕೆ ಬೀಳುವುದು. ವೆಚ್ಚವಾದ ನೀರೂ ಉಪ್ಪೂ ಎರಡರಲ್ಲಿಯೂ ಸಮ. ಏರಿಳಿತವು ಮಾತ್ರ ನಾಲ್ಕು ಪಾಲು. ಲವಣ, ಕ್ಷಾರತೆ, ಶಾಖ ಇವುಗಳ ಗತಿಯೂ ಹೀಗೆಯೇ. ಕಡಲಿನಲ್ಲಿ ಇವು ಬಹುಮಟ್ಟಿಗೆ ಸ್ಥಿರವಾಗಿರುವುದರಿಂದ, ನಿಂತಲ್ಲೇ ಬಾಳುವ ಹವಳವು ಹಠಾತ್ತಾದ ಬದಲಾವಣೆಯನ್ನು ತಡೆಯಲಾರದು. ಮೂರು ತಿಂಗಳ ಉಪೇಕ್ಷೆಗಿಂತಲೂ ಒಂದು ಭಾನುವಾರದ ಉತ್ಸಾಹವೇ ಹೆಚ್ಚು ಕೆಡುಕನ್ನು ಮಾಡಿತೆಂದು ನಮ್ಮ ಅಭಿಪ್ರಾಯ.

ಹೊಸ ನೀರೇ ಸರ್ವೌಷಧಿಯೆಂದೂ ಭಾವಿಸಬಾರದು. ತೊಟ್ಟಿಯಲ್ಲಿ ಕ್ಯಾಲ್ಸಿಯಂ 400, ಹೊಸ ನೀರಿನಲ್ಲಿ 440 ಮಿಲಿಗ್ರಾಂ ಇದ್ದರೆ, ಹತ್ತರಲ್ಲೊಂದು ಪಾಲಿನಿಂದ ಏರುವುದು ಬರಿಯ 4. ಒತ್ತಾಗಿ ಬೆಳೆದ ಕಲ್ಲುಹವಳಗಳು ಒಂದು ದಿನದಲ್ಲಿಯೇ ಅದಕ್ಕಿಂತ ಹೆಚ್ಚನ್ನು ಹೀರಬಲ್ಲುವು. ಅದನ್ನು ಬೇರೆಯಾಗಿಯೇ ಒದಗಿಸಬೇಕು.

ನಲ್ಲಿಯ ನೀರು ಸಲ್ಲದು. ಆರ್‌ಓ ಯಂತ್ರದಲ್ಲಿ ಶೋಧಿಸಿದುದಕ್ಕೆ ಲವಣಾಂಶವು ಸಾವಿರಕ್ಕೆ 35 ಆಗುವಂತೆ ಉಪ್ಪನ್ನು ಕರಗಿಸಿ, ತೊಟ್ಟಿಯ ಶಾಖಕ್ಕೆ ಸರಿಮಾಡಿಕೊಂಡು ಹಾಕಬೇಕು. ಆವಿಯಾಗಿ ಹೋದಷ್ಟಕ್ಕೆ ಮಾತ್ರ ಉಪ್ಪಿಲ್ಲದ ಶೋಧಿತಜಲವನ್ನೇ ತುಂಬತಕ್ಕದ್ದು, ಉಪ್ಪು ಆವಿಯಾಗುವುದಿಲ್ಲವಷ್ಟೆ.

ಇದನ್ನೋದಿ ನಮ್ಮ ಕರಾವಳಿಯಿಂದ ಹವಳವನ್ನು ಕಿತ್ತು ತರಲು ಯಾರೂ ಹೊರಡದಿರಲಿ. ಭಾರತದಲ್ಲಿ 2001ರಿಂದ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿವೆ.

ಈಗ ಪ್ರತಿ ಭಾನುವಾರ ಮಗನು 40 ಲೀಟರು ಬದಲಿಸುತ್ತಾನೆ. ಉಷ್ಣಮಾಪಕವನ್ನು ನೋಡಿ ಹೇಳುವ ಕೆಲಸ ಮೊಮ್ಮಗಳದು. ಸತ್ತ ಕವಲನ್ನು ತೆಗೆದುಹಾಕಲು ಅವಳು ಬಿಡಲಿಲ್ಲ. ನಾವು ಹೊರಡುವಾಗ ಅದರ ಸಂದಿನಲ್ಲಿ ಪುಟ್ಟ ಮೀನೊಂದು ವಾಸಮಾಡಿಕೊಂಡಿತ್ತು.