ಕಣ್ಣು ಕಾಯುವ ಕಾಯಕಕ್ಕೆ ನಮ್ಮ ಸೀಮೆಯ ಮಕ್ಕಳು

ಕರಸ್ಥಲದ ಇಷ್ಟಲಿಂಗದಲ್ಲಿ ದೃಷ್ಟಿ ನಿಲಿಸಿ ಪೂಜಿಸುವ ಪರಂಪರೆ ನಮ್ಮದು. ಕಣ್ಣಿನ ಆರೈಕೆಯೂ ನಮಗೆ ಧರ್ಮಕ್ಕೆ ಹತ್ತಿರವಾದ ವಿಷಯವೇ. ತುಂಗಭದ್ರಾ ಕಾಲುವೆಯ ನೀರುಂಡ ಸಿಂಧನೂರು, ಮಸ್ಕಿಯ ಗದ್ದೆಗಳಲ್ಲಿ ಭತ್ತದ ಕೊಯ್ಲಿನಲ್ಲಿ ಕಣ್ಣಿಗೆ ಹೊಟ್ಟು ಸಿಡಿದು ಹುಣ್ಣಾಗುವುದುಂಟು. ಹಿರಿಯರನ್ನು ಪೊರೆ ಕಾಡುತ್ತದೆ. ಕಪ್ಪುಹಲಗೆ ಕಾಣದ ಮಗುವನ್ನು ದಡ್ಡನೆಂದು ಗದರುವವರೂ ಉಂಟು. ಇಂತಹ ದೋಷಗಳನ್ನು ಆರಂಭದಲ್ಲೇ ಗುರುತಿಸಿ, ಕನ್ನಡಕದ ಶಕ್ತಿಯನ್ನು ಅಳೆದು, ಅಗತ್ಯವಿದ್ದವರನ್ನು ನೇತ್ರವೈದ್ಯರ ಬಳಿಗೆ ಕಳುಹಿಸುವವರು ಆಪ್ಟೊಮೆಟ್ರಿ ಓದಿದವರು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಶಸ್ತ್ರಚಿಕಿತ್ಸಾ ಶಿಬಿರ ನಡೆಸಿ ಲಕ್ಷಾಂತರ ಜನರಿಗೆ ಬೆಳಕಾದರು. ಅಂತಹ ಸೇವೆಗೆ ಇಂದು ಹಳ್ಳಿಗೊಬ್ಬ ನುರಿತ ದೃಷ್ಟಿಪರೀಕ್ಷಕರ ನೆರವು ಬೇಕು.

ಪಿಯುಸಿ ವಿಜ್ಞಾನ ಮುಗಿಸಿದ ಲಿಂಗಸುಗೂರು, ಸಿಂಧನೂರು, ಮಸ್ಕಿಯ ಮಕ್ಕಳು ಈ ಪದವಿಗೆ ಸೇರಬಹುದು. ಆದರೆ ಕನ್ನಡ ಮಾಧ್ಯಮದಿಂದ ಹೋದವರು ಮೊದಲ ವರ್ಷದಲ್ಲೇ ಎಡವುವುದನ್ನು ನಾವು ಬಲ್ಲೆವು. ದೃಗ್ವಿಜ್ಞಾನದ ಲೆಕ್ಕ, ಕಣ್ಣಿನ ಅಂಗರಚನೆ, ಇಂಗ್ಲಿಷ್ ಪದಗಳು ಮೂರೂ ಒಮ್ಮೆಗೇ ಎದುರಾಗುತ್ತವೆ. ಇದಕ್ಕೆ ಉಪಾಯವಿದೆ. ಸೂತ್ರವನ್ನು ಕಂಠಪಾಠ ಮಾಡುವ ಮೊದಲು ಕಿರಣದ ಚಿತ್ರ ಬರೆಯಬೇಕು. ಅರ್ಧ ಮೀಟರ್ ಸಂಗಮದೂರದ ಮಸೂರದ ಶಕ್ತಿ 2 ಡಯಾಪ್ಟರ್ ಏಕೆಂದು ಕನ್ನಡದಲ್ಲಿ ಅರಿತು, ಬಳಿಕ ಇಂಗ್ಲಿಷಿನಲ್ಲಿ ಬರೆದು ರೂಢಿಸಬೇಕು. ರೆಟಿನೋಸ್ಕೋಪಿಯು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಸಹಪಾಠಿಗಳ ಕಣ್ಣನ್ನು ದಿನವೂ ಪರೀಕ್ಷಿಸಿದರಷ್ಟೇ ಕೈಗೆ ಹತ್ತುತ್ತದೆ. ಕೊನೆಯ ವರ್ಷದ ಆಸ್ಪತ್ರೆ ತರಬೇತಿಯನ್ನು ಹಾಜರಿಗಾಗಿ ಕಳೆಯುವುದು ತರವಲ್ಲ.

2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯು ಈ ವೃತ್ತಿಯನ್ನು ನೋಂದಣಿಯ ಚೌಕಟ್ಟಿಗೆ ತಂದಿದೆ. ಏಕರೂಪದ ಪ್ರವೇಶ ಹಾಗೂ ನಿರ್ಗಮನ ಪರೀಕ್ಷೆಗಳಿಗೂ ಅದರಲ್ಲಿ ಅವಕಾಶವಿದೆ. ಆದ್ದರಿಂದ ಅಂಕಪಟ್ಟಿಯೊಂದೇ ಸಾಲದು, ಕಲಿತದ್ದು ಉಳಿಯಬೇಕು. ಸೇರುವ ಮುನ್ನ ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ಎಂದು ವಿಚಾರಿಸಿರಿ. ಕಲ್ಯಾಣ ಕರ್ನಾಟಕದವರಾದ ನಾವು 371(ಜೆ) ಪ್ರಮಾಣಪತ್ರವನ್ನು ಮೊದಲೇ ಪಡೆದಿಟ್ಟುಕೊಳ್ಳುವುದು ಲೇಸು.

ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಒಂದು ವಿಷಯ ಉಳಿಯಿತೆಂದು ಮಗನನ್ನು ಹಂಗಿಸಬೇಡಿರಿ. ಮಗಳನ್ನು ಊರಿಗೆ ಕರೆತಂದು ಮದುವೆಯ ಮಾತೆತ್ತಬೇಡಿರಿ. ಮರುಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಒಳ್ಳೆಯ ಪರೀಕ್ಷಕರಾಗಬಲ್ಲರು. ಊರಿನಲ್ಲಿ ಓದಿ ಮುಗಿಸಿದವರಿದ್ದರೆ ಹೊಸಬರಿಗೆ ತಮ್ಮ ಪುಸ್ತಕವನ್ನೂ ವಾರದ ಒಂದು ಸಂಜೆಯನ್ನೂ ನೀಡಲಿ. ಅದು ಜ್ಞಾನದಾಸೋಹ. ಇಂದು ಧೈರ್ಯ ತುಂಬಿದ ಆ ಮಗುವೇ ನಾಳೆ ನಮ್ಮ ಕಣ್ಣಿಗೆ ದೀಪ ಹಿಡಿದು ನೋಡೀತು.